ಅಣ್ಣನ ನಂಬರಿನಿಂದ ಬಂದ ಆಮಂತ್ರಣ

ನಮ್ಮಣ್ಣ ತೀರಿಹೋಗಿ ಎರಡು ವರ್ಷವಾದ ಮೇಲೆ, ಒಂದು ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ, ನನ್ನನ್ನು ಮದುವೆಗೆ ಕರೆದ.

ನಾನು ಆಗ ಹಾವೇರಿಯಲ್ಲಿ, ಬ್ಯಾಂಕಿನ ಒಳಕೋಣೆಯಲ್ಲಿ ಕೂತಿದ್ದೆ. ಅದೊಂದು ಸಹಕಾರಿ ಬ್ಯಾಂಕು, ಅದರ ಕಂಪ್ಯೂಟರುಗಳನ್ನು ಕಾಯುವುದು ನನ್ನ ಕೆಲಸ. ಹೊರಗಿನಿಂದ ಯಾವ ಕಳ್ಳ ಬಾಗಿಲು ತಳ್ಳಿ ನೋಡುತ್ತಿದ್ದಾನೆ, ಒಳಗಿನವರಲ್ಲಿ ಯಾವ ಪುಣ್ಯಾತ್ಮ ತನ್ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸಿ ಚಹಾಕ್ಕೆ ಹೋಗಿದ್ದಾನೆ ಎಂದು ದಿನವಿಡೀ ನೋಡುತ್ತಿರಬೇಕು. ತಿಂಗಳಿಗೆರಡು ಸಲ ಹಳ್ಳಿಗಳಿಗೂ ಹೋಗುತ್ತೇನೆ. ಗುಡಿಯ ಕಟ್ಟೆಯ ಮೇಲೋ, ಶಾಲೆಯ ವರಾಂಡದಲ್ಲೋ ಜನರನ್ನು ಕೂಡಿಸಿ, ಪೊಲೀಸರ ವೇಷ ಹಾಕಿ ವಿಡಿಯೋ ಕರೆಯಲ್ಲಿ ಹೆದರಿಸುವವರು, ಪಾರ್ಸೆಲ್ ಬಂದಿದೆ ಎನ್ನುವವರು, ಕರೆಂಟ್ ಕಟ್ ಮಾಡುತ್ತೇವೆ ಎನ್ನುವವರು, ಎಲ್ಲರ ಬಗ್ಗೆಯೂ ಹೇಳುತ್ತೇನೆ. ಹೇಳಿ ಹೇಳಿ ನನ್ನ ಮಾತು ಮಗ್ಗಿಯಂತಾಗಿದೆ. ನಿದ್ದೆಯಲ್ಲಿ ಎಬ್ಬಿಸಿದರೂ ಒಪ್ಪಿಸುತ್ತೇನೆ. ಅದೇ ಮುಂದೆ ನನಗೆ ಮುಳುವಾಯಿತು.

ಆ ದಿನ ಫೋನು ಮಿನುಗಿತು. ನೋಡಿದರೆ ಅಣ್ಣನ ಹೆಸರು. ಮೆಣಸಿನಕಾಯಿ ರಾಶಿಯ ಮುಂದೆ ಕೊರಳಿಗೆ ಕರವಸ್ತ್ರ ಸುತ್ತಿಕೊಂಡು ನಿಂತ ಅವನದೇ ಫೋಟೋ. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ 'ಆನ್‌ಲೈನ್' ಎಂದಿತ್ತು. ಸಂದೇಶ ಒಂದೇ ಸಾಲಿನದು: ನಮ್ಮ ಮನೆಯ ಮದುವೆಗೆ ಕುಟುಂಬ ಸಮೇತ ಬರಬೇಕು. ಅದರ ಕೆಳಗೆ ಒಂದು ಫೈಲು.

ಸುಳ್ಳು ಹೇಳುವುದಿಲ್ಲ, ನನ್ನ ಬೆರಳು ಫೈಲಿನ ಮೇಲೆ ಹೋಗಿಯೇಬಿಟ್ಟಿತ್ತು. ಫೈಲಿನ ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂಬ ಮೂರಕ್ಷರ ಕಣ್ಣಿಗೆ ಬಿದ್ದಿದ್ದಕ್ಕೆ ನಿಂತಿತು. ಆ ಮೂರಕ್ಷರ ಇದ್ದರೆ ಅದು ಕಾರ್ಡಲ್ಲ, ಆ್ಯಪು. ಒತ್ತಿದರೆ ಫೋನಿನೊಳಗೆ ಇಳಿದು ಕೂಡುತ್ತದೆ. ಬಂದ ಮೆಸೇಜು, ಒಟಿಪಿ, ಫೋಟೋ, ಎಲ್ಲವನ್ನೂ ಯಾರಿಗೋ ಸಾಗಿಸುತ್ತದೆ. ಆಮೇಲೆ ನಮ್ಮ ಹೆಸರಿನಲ್ಲೇ ನಮ್ಮವರಿಗೆಲ್ಲ ಅದೇ ಆಮಂತ್ರಣ ಹೋಗುತ್ತದೆ. ಇದನ್ನು ನಾನು ಎಷ್ಟು ಕಟ್ಟೆಗಳ ಮೇಲೆ ಹೇಳಿದ್ದೇನೋ ಲೆಕ್ಕವಿಲ್ಲ.

ಅಷ್ಟೆಲ್ಲ ತಿಳಿದವನು ಮೊದಲು ಮಾಡಬೇಕಾದದ್ದು ಬೇರೆ. ನಾನು ಮಾಡಿದ್ದು ಬೇರೆ. 'ಅಣ್ಣಾ' ಎಂದು ಬರೆದು ಕಳಿಸಿದೆ. ಎರಡು ಗೆರೆ ನೀಲಿಯಾದವು. ಯಾರೋ ಓದಿದರು. 'ಟೈಪಿಂಗ್' ಎಂದು ಕಾಣಿಸಿತು, ಒಂದಿಷ್ಟು ಹೊತ್ತು ಹಾಗೇ ಇತ್ತು, ಆಮೇಲೆ ಹೋಯಿತು. ಏನೂ ಬರಲಿಲ್ಲ. ಎ.ಸಿ. ಇದ್ದ ಕೋಣೆಯಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಅಣ್ಣ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟವನು. ರೈತರು ತಂದ ಮಾಲನ್ನು ಅಂಗಡಿಯ ಮುಂದೆ ಸುರುವಿಸಿ, ಖರೀದಿದಾರರಿಗೆ ತೋರಿಸಿ, ಮಾರಿಸಿಕೊಡುವ ಕೆಲಸ. ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಮೆಣಸಿನ ಘಾಟು ನಾಟುವುದಿಲ್ಲ ಎನ್ನುತ್ತಾರೆ. ನಮ್ಮಣ್ಣ ಮಾತ್ರ ಐವತ್ತು ದಾಟಿದರೂ ಸೀನುವುದು ಬಿಡಲಿಲ್ಲ. ಪೇಟೆಯ ದಿನ ಬೆಳಿಗ್ಗೆ ರೈತರಿಗೆಲ್ಲ ದನಿ ಸಂದೇಶ ಕಳಿಸುತ್ತಿದ್ದ. "ನಮಸ್ಕಾರ್ರಿ ಎಲ್ಲಾರಿಗೂ. ಕಡ್ಡಿ ಚೊಲೊ ನಡದೈತಿ, ಡಬ್ಬಿ ಕೇಳೋರು ಬಂದಾರ. ಹಸಿ ಇದ್ದದ್ದು ತರಬ್ಯಾಡ್ರಿ, ಒಣಗಿಸಿ ತರ್ರಿ." ಕಡ್ಡಿ, ಡಬ್ಬಿ ಎರಡೂ ಮೆಣಸಿನಕಾಯಿಯ ಜಾತಿಗಳು. ಮಾತಿನ ನಡುವೆ ಒಂದು ಸೀನು ಕಡ್ಡಾಯ. ಸೀನು ಕೇಳಿಸದಿದ್ದರೆ ಸಾವ್ಕಾರರಿಗೆ ಆರಾಮಿಲ್ಲೇನೋ ಎಂದು ರೈತರೇ ಫೋನ್ ಮಾಡಿ ವಿಚಾರಿಸುತ್ತಿದ್ದರು.

ಪೇಟೆಯ ವ್ಯವಹಾರವೆಲ್ಲ ಬಾಯಿಮಾತಿನದು. ನಾಳೆ ಒಬ್ಬ 'ನಾ ಹಂಗ ಅಂದೇ ಇಲ್ಲ' ಎಂದರೆ ಏನು ಮಾಡುವುದು? ಅದಕ್ಕೇ ಅಲ್ಲಿ ಬಹಳ ಜನ ಎಲ್ಲ ಕರೆಗಳನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ. ಅಣ್ಣನೂ ತನ್ನ ಹೊಸ ಫೋನಿನಲ್ಲಿ ಹಾಗೆ ಮಾಡಿಕೊಡು ಎಂದ. ಫೋನಿನೊಳಗಿನ ಅಧಿಕೃತ ಆ್ಯಪು ಅಂಗಡಿಯಲ್ಲಿ ಅಂಥದು ಸಿಗಲಿಲ್ಲ. ನಾನು ಹೊರಗಿನಿಂದ ಒಂದನ್ನು ತಂದು ಹಾಕಿದೆ. ಹಾಕಲು, ಹೊರಗಿನ ಆ್ಯಪುಗಳು ಒಳಗೆ ಬರಲಿ ಎಂದು ಫೋನಿಗೆ ಅಪ್ಪಣೆ ಕೊಡಬೇಕಾಗುತ್ತದೆ. ಕೊಟ್ಟೆ. ಕೆಲಸ ಮುಗಿದ ಮೇಲೆ ಆ ಅಪ್ಪಣೆಯನ್ನು ಹಿಂದೆ ತೆಗೆದುಕೊಳ್ಳಬೇಕಿತ್ತು. ವೈನಿ, ಅಂದರೆ ನಮ್ಮತ್ತಿಗೆ, ಬಿಸಿ ರೊಟ್ಟಿ ಹಾಕಿ ಊಟಕ್ಕೆ ಕರೆದರು, ಎದ್ದುಹೋದೆ, ಮರೆತೆ.

ಒಂದು ತಿಂಗಳ ಮೇಲೆ ಅಣ್ಣನೇ ಫೋನ್ ಮಾಡಿದ್ದ. "ಇದರಾಗ ಏನೇನೋ ಬರಾಕತ್ತೈತಿ, ಒಮ್ಮೆ ಬಂದು ನೋಡಿ ಹೋಗೋ" ಎಂದ. ಬ್ಯಾಂಕಿನಲ್ಲಿ ಆಡಿಟ್ ನಡೆದಿತ್ತು. "ಆಮ್ಯಾಲ ನೋಡೂಣು ತಗೋ, ಸುಮ್ನ ತಲಿ ತಿನ್ನಬ್ಯಾಡ" ಎಂದೆ. ಅವನು ನಕ್ಕು, "ಆತಪಾ, ಸಾಹೇಬ್ರಿಗೆ ಪುರಸೊತ್ತಾದಾಗ" ಎಂದು ಇಟ್ಟ. ನಾನೂ ಅವನೂ ಫೋನಿನಲ್ಲಿ ಆಡಿದ ಕೊನೆಯ ಮಾತು ಅದು. ಅದೂ ಆ ಫೋನಿನಲ್ಲಿ ರೆಕಾರ್ಡ್ ಆಗಿತ್ತು.

ಅವನು ಸತ್ತದ್ದು ಪೇಟೆಯ ದಿನವೇ, ರಾಶಿಗಳ ನಡುವೆ ನಿಂತಲ್ಲೇ. ಪ್ರತಿದಿನ ಒಂದು ಗಂಟೆಗೆ ಅಂಗಡಿಯಿಂದ ಮನೆಗೆ ಒಂದು ಕರೆ ಮಾಡುತ್ತಿದ್ದ. "ಉಂಡಿ?" "ಇಲ್ರಿ." "ನೀ ಉಣ್ಣು, ನನ್ನ ಹಾದಿ ನೋಡಬ್ಯಾಡ." "ಹೂಂ, ಲಗೂ ಬರ್ರಿ." ಇಷ್ಟೇ. ಮದುವೆಯಾದ ಹೊಸದರಲ್ಲಿ ಯಾರದೋ ಅಂಗಡಿಯ ಫೋನಿನಿಂದ ಶುರುವಾದ ರೂಢಿ, ತಪ್ಪಿದ್ದಿಲ್ಲ. ಆ ಕರೆ ಬಂದ ಮೇಲೆಯೇ ವೈನಿ ಊಟದ ಗಂಗಾಳ ಹಾಕಿಕೊಳ್ಳುವುದು. ಅವತ್ತು ಮಾತ್ರ ಒಂದು ಗಂಟೆಗೆ ಕರೆ ಬರಲಿಲ್ಲ. ಎರಡಾಯಿತು, ಮೂರಾಯಿತು, ವೈನಿ ಉಣ್ಣದೆ ಕೂತಿದ್ದರು. ಕರೆಯ ಬದಲು ಪೇಟೆಯವರು ನಾಲ್ಕು ಮಂದಿ ಅಂಗಳಕ್ಕೆ ಬಂದು ಚಪ್ಪಲಿ ಬಿಟ್ಟು ನಿಂತರು.

ಅಣ್ಣನ ಫೋನು ಬಂದ್ ಆಗಲಿಲ್ಲ. ಆ ನಂಬರು ಅಂಗಡಿಯ ಬೋರ್ಡಿನ ಮೇಲಿತ್ತು. ಅಣ್ಣನ ಮಗಳು ಡಿಗ್ರಿ ಮುಗಿಸಿ ಬಂದು ಅದೇ ಅಂಗಡಿಯಲ್ಲಿ ಕೂತಳು. ಪೇಟೆಯಲ್ಲಿ ಹೆಣ್ಣುಮಕ್ಕಳು ಮೆಣಸಿನ ತೊಟ್ಟು ಬಿಡಿಸುವುದು ರೂಢಿ, ಗಾದಿಯ ಮೇಲೆ ಕೂಡುವುದಲ್ಲ. ಮೊದಲು ಜನ ನಕ್ಕರು, ಆಮೇಲೆ ಮಾಲು ತಂದರು. ಅವಳಿಗೆ ಅವಳದೇ ಫೋನು ಇತ್ತು. ಅಪ್ಪನ ಫೋನು ಮನೆಯ ಗೂಡಿನಲ್ಲಿ, ದೀಪದ ಪಕ್ಕ, ಚಾರ್ಜಿಗೆ ಹಾಕಿದಂತೆಯೇ ಇರುತ್ತಿತ್ತು.

ದಿನಾ ಒಂದು ಗಂಟೆಗೆ ವೈನಿ ಅದನ್ನು ಕೈಗೆ ತೆಗೆದುಕೊಳ್ಳುತ್ತಿದ್ದರು. ರೆಕಾರ್ಡ್ ಆದ ಕರೆಗಳಲ್ಲಿ ಒಂದನ್ನು ಹಚ್ಚುತ್ತಿದ್ದರು. "ಉಂಡಿ?" ಎಂದು ಅಣ್ಣ ಕೇಳುತ್ತಿದ್ದ. "ಇಲ್ರಿ" ಎಂದು ಫೋನಿನೊಳಗಿನ ವೈನಿ ಹೇಳುತ್ತಿದ್ದರು. ಕೇಳಿ, ಫೋನನ್ನು ಮತ್ತೆ ಗೂಡಿನಲ್ಲಿಟ್ಟು, ಉಣ್ಣುತ್ತಿದ್ದರು. ಅವರಿಗೆ ತೊಂದರೆಯಾಗಬಾರದೆಂದು ಫೋನಿನ ಲಾಕನ್ನೂ ನಾನೇ ತೆಗೆದುಕೊಟ್ಟಿದ್ದೆ.

"ತಮ್ಮಾ, ಇವನ್ನ ಬ್ಯಾರೆ ಕಡೆ ಇಳಿಸಿ ಇಡಾಕ ಬರ್ತೈತಂತಲ್ಲ, ಇಟ್ಟ ಬಿಡೋ" ಎಂದು ವೈನಿ ಎಷ್ಟು ಸಲ ಕೇಳಿದರು! ನಾನು ಶಾಲೆಗೆ ಹೋಗುವಾಗ ಆ ಮನೆಗೆ ಸೊಸೆಯಾಗಿ ಬಂದವರು, ನನಗೆ ತಲೆ ಬಾಚಿ ಕಳಿಸಿದವರು. ಅವರ ಮಾತನ್ನು ನಾನು ತಳ್ಳಿಹಾಕಿದ್ದೇ ಇಲ್ಲ, ಇದೊಂದನ್ನು ಬಿಟ್ಟು. ಯಾವುದನ್ನೇ ಆಗಲಿ ಮೂರು ಕಡೆ ಇಡಿ, ಒಂದು ಪ್ರತಿ ಮನೆಯಿಂದ ಹೊರಗಿರಲಿ ಎಂದು ಊರೂರಿಗೆ ಹೇಳುವ ನಾನು, ನಮ್ಮ ಮನೆಯದನ್ನು ಒಂದು ಕಡೆಗೂ ಇಳಿಸಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಿಗೆ ಬಿತ್ತಂತೆ. ಪುರಸೊತ್ತಿರಲಿಲ್ಲ ಎಂದು ಹೇಳುತ್ತಿದ್ದೆ. ಇಳಿಸಬೇಕಾದರೆ ಸರಿ ಬಂದಿದೆಯೋ ಎಂದು ಕೇಳಿ ನೋಡಬೇಕಾಗುತ್ತಿತ್ತು. ಕೇಳಿದರೆ 'ತಲಿ ತಿನ್ನಬ್ಯಾಡ' ಎಂಬ ನನ್ನ ದನಿಯೂ ಎಲ್ಲಾದರೂ ಎದ್ದು ಬರುತ್ತಿತ್ತು. ಅದು ನಿಜವಾದ ಕಾರಣ.

ಆ ಮಂಗಳವಾರ ನಾನು ಪರದೆ ನೋಡುತ್ತ ಕೂತಿದ್ದಾಗಲೇ ಅಣ್ಣನ ಮಗಳ ಕರೆ ಬಂತು. ಅವಳಿಗೆ ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳ ಮನೆಗೆ ಸಂಬಂಧ ಗಟ್ಟಿಯಾಗಿತ್ತು, ಅವತ್ತು ಸೀರೆ ನೋಡಲೆಂದು ಮನೆಯಲ್ಲೇ ಇದ್ದಳು.

"ಕಾಕಾ, ಅಪ್ಪನ ನಂಬರಿಲೆ ಎಲ್ಲಾರಿಗೂ ಮದವಿ ಕಾರ್ಡ್ ಹೋಗಾಕತ್ತೈತಿ! ನಾವಿನ್ನೂ ಕಾರ್ಡ್ ಛಾಪಿಸೇ ಇಲ್ಲ. ರೈತರು ಫೋನ್ ಮ್ಯಾಲ ಫೋನ್ ಮಾಡಾಕತ್ತಾರ, ಕಾರ್ಡ್ ತಗದ್ರ ಏನೂ ಕಾಣವಲ್ತು ಅಂತ."

ಏನಾಗಿದೆ ಎಂದು ನನಗೆ ಅರ್ಧ ನಿಮಿಷದಲ್ಲಿ ತಿಳಿಯಿತು. ಯಾರೋ ನೆಂಟರ ನಂಬರಿನಿಂದ ಅಣ್ಣನ ಫೋನಿಗೂ ಒಂದು ಆಮಂತ್ರಣ ಬಂದಿತ್ತು, ಹಿಂದಿನ ದಿನ ವೈನಿ ಅದನ್ನು ತೆರೆದಿದ್ದರು. ಬೇರೆ ಫೋನಾಗಿದ್ದರೆ 'ಇದು ಹೊರಗಿನದು, ಬಿಡಲೋ ಬೇಡವೋ' ಎಂದು ತಡೆದು ಕೇಳುತ್ತಿತ್ತು. ಇದಕ್ಕೆ ನಾನು ಎಂದೋ ಅಪ್ಪಣೆ ಕೊಟ್ಟಾಗಿತ್ತು. ಕಳ್ಳರು ಒಳಗೆ ಕೂತು, ಒಟಿಪಿ ಓದಿಕೊಂಡು, ಅಣ್ಣನ ವಾಟ್ಸಾಪನ್ನು ಬೇರೆಲ್ಲೋ ತಮ್ಮ ಫೋನಿನಲ್ಲಿ ತೆರೆದಿದ್ದರು.

ಅಷ್ಟರಲ್ಲಿ ಬ್ಯಾಂಕಿನ ಹೊರಕೋಣೆಯಲ್ಲಿ ಗದ್ದಲವೆದ್ದಿತು. ಆಮಂತ್ರಣ ತೆರೆದವರಲ್ಲಿ ನಮ್ಮ ಬ್ಯಾಂಕಿನ ಗಿರಾಕಿಗಳೂ ಇದ್ದರು. ಒಂದು ಕಿವಿಗೆ ಅಣ್ಣನ ಮಗಳ ಫೋನು, ಇನ್ನೊಂದಕ್ಕೆ ಮ್ಯಾನೇಜರರದು. ಒಂದೊಂದು ನಿಮಿಷಕ್ಕೂ ಒಬ್ಬೊಬ್ಬ ರೈತ ಆ ಫೈಲು ಒತ್ತುತ್ತಿದ್ದಾನೆ ಎನ್ನುವುದಷ್ಟೇ ನನ್ನ ತಲೆಯಲ್ಲಿತ್ತು. ನನ್ನ ಬಾಯಿ ತನ್ನಷ್ಟಕ್ಕೆ ಮಗ್ಗಿ ಶುರುಮಾಡಿತು.

"ಫೋನ್ ಕೈಯಾಗ ತಗೋ. ವಿಮಾನದ ಗುರುತು ಒತ್ತು."

"ಒತ್ತಿದ್ನಿ."

"ಸಿಮ್ ಹೊರಗ ತಗಿ. ಬ್ಯಾರೆ ಕಡೆ ಇಡು."

"ತಗದ್ನಿ."

"ಸೆಟ್ಟಿಂಗ್‌ನ್ಯಾಗ ಹೋಗು. ಎಲ್ಲಾ ಅಳಿಸು ಅಂತ ಇರ್ತೈತಿ ನೋಡು, ಕೆಳಗ."

"ಐತಿ ಕಾಕಾ. ಹೌದೋ ಅಲ್ಲೋ ಅಂತ ಕೇಳಾಕತ್ತೈತಿ. ಹೌದು ಅಂತ ಒತ್ತಲೇನು?"

"ಒತ್ತು."

ಸಿಮ್ ತೆಗೆದ ಕ್ಷಣಕ್ಕೇ ಆ ಫೋನು ನಿರಪಾಯವಾಗಿತ್ತು. ಅದನ್ನು ಹಾಗೇ ಇಟ್ಟಿದ್ದರೆ, ಸಂಜೆ ನಾನು ಹೋಗಿ, ಒಂದು ವೈರು ಹಚ್ಚಿ, ಎಲ್ಲ ಕರೆಗಳನ್ನೂ ಇಳಿಸಿಕೊಳ್ಳಬಹುದಿತ್ತು. ಒಂದು ತಾಸಿನ ಕೆಲಸ. ಅದು ನನಗೆ ಗೊತ್ತಿರಲಿಲ್ಲವೆ? ಮತ್ತಾರಿಗೆ ಗೊತ್ತಿರಬೇಕು!

ಫೋನಿನಲ್ಲಿ ಮಗಳ ಉಸಿರು ಕೇಳಿಸುತ್ತಿತ್ತು. "ಸುತ್ತಾಕತ್ತೈತಿ ಕಾಕಾ" ಎಂದಳು. ಅವಳ ಹಿಂದಿನಿಂದ, ಅಡುಗೆಮನೆಯ ಕಡೆಯಿಂದ ವೈನಿಯ ದನಿ ಬಂತು.

"ಒಂದಾತು. ಅದನ್ನ ಇಲ್ಲಿ ಕೊಡವ್ವಾ."

ಆಗ ನನಗೆ ಅರ್ಥವಾಯಿತು. "ಬಂದ್ ಮಾಡು, ಬಂದ್ ಮಾಡು" ಎಂದು ಕೂಗಿದೆ. ಹೊರಕೋಣೆಯವರೆಲ್ಲ ತಿರುಗಿ ನೋಡಿದರು. ಅಷ್ಟರಲ್ಲಿ ಆ ಫೋನು ಹೊಸದಾಗಿ ಎದ್ದು, ಭಾಷೆ ಆರಿಸಿಕೊಳ್ಳಿ ಎಂದು ಕೇಳುತ್ತಿತ್ತಂತೆ.

ಆಮೇಲಿನದೆಲ್ಲ ಚೆನ್ನಾಗಿಯೇ ನಡೆಯಿತು. ಆ ಮಾತು ಬರೆಯಲೂ ನಾಚಿಕೆಯಾಗುತ್ತದೆ. ಬೈಕ್ ಹತ್ತಿ ಬ್ಯಾಡಗಿಗೆ ಹೋಗಿ, ಸಿಮ್ಮನ್ನು ನನ್ನ ಬೇರೆ ಫೋನಿಗೆ ಹಾಕಿ, ಅಣ್ಣನ ವಾಟ್ಸಾಪನ್ನು ಕಳ್ಳರ ಕೈಯಿಂದ ಬಿಡಿಸಿಕೊಂಡೆ. ಎರಡನೆಯ ಬೀಗವೆಂದು ಒಂದು ಪಿನ್ನನ್ನೂ ಹಾಕಿದೆ. ಅದೇ ನಂಬರಿನಿಂದ ಎಲ್ಲರಿಗೂ 'ಮೊದಲು ಬಂದದ್ದನ್ನು ತೆರೆಯಬೇಡಿ' ಎಂದು ಕಳಿಸಿದೆ. ತೆರೆದವರ ಖಾತೆಗಳನ್ನು ಬ್ಯಾಂಕಿನವರು ಹಿಡಿದು ನಿಲ್ಲಿಸಿದರು, ಸೈಬರ್ ಸಹಾಯವಾಣಿಗೆ ದೂರು ಹೋಯಿತು. ಹೊತ್ತಿಗೆ ಸರಿಯಾಗಿ ಕೈಹಾಕಿದ್ದರಿಂದ ಯಾವ ರೈತನೂ ಮುಳುಗಲಿಲ್ಲ.

ವೈನಿ ಅವತ್ತು ಉಣ್ಣಲಿಲ್ಲ. ನನ್ನ ಮೇಲೆ ಸಿಟ್ಟೂ ಮಾಡಲಿಲ್ಲ. ಖಾಲಿ ಫೋನನ್ನು ಸೆರಗಿನಿಂದ ಒರೆಸಿ, ಮತ್ತೆ ಗೂಡಿನಲ್ಲಿ ಚಾರ್ಜಿಗೆ ಹಾಕಿದರು. "ಹ್ವಾದದ್ದು ತಿರುಗಿ ಬರ್ತೈತೇನು?" ಎಂದು ಮಾತ್ರ ಕೇಳಿದರು. ನೋಡ್ತೀನಿ ಎಂದೆ. ಮರುದಿನ ಹುಬ್ಬಳ್ಳಿಗೆ ಹೋಗಿ, ಇಂಥ ಕೆಲಸದಲ್ಲಿ ಪಳಗಿದ ಗೆಳೆಯನೊಬ್ಬನ ಮುಂದೆ ಫೋನಿಟ್ಟೆ. ಅವನು ನನ್ನ ಮುಖ ನೋಡಿ, "ನಿಮಗ ನಾ ಹೇಳಬೇಕೇನ್ರಿ?" ಎಂದ. ಈಗಿನ ಫೋನುಗಳಲ್ಲಿ ಅಳಿಸಿದರೆ ಒಳಗಿನ ಕೀಲಿಯೇ ನಾಶವಾಗುತ್ತದೆ, ಯಾರಿಂದಲೂ ತೆಗೆಯಲಾಗುವುದಿಲ್ಲ. ಇದನ್ನೂ ನಾನು ಕಟ್ಟೆಗಳ ಮೇಲೆ ಹೆಮ್ಮೆಯಿಂದ ಹೇಳುತ್ತಿದ್ದೆ.

ಎಂಟು ದಿನ ರಜೆ ಹಾಕಿ ಹಳ್ಳಿಗಳನ್ನು ಸುತ್ತಿದೆ. ಆಮಂತ್ರಣ ತೆರೆದವರ ಫೋನುಗಳನ್ನು ತೊಳೆದು ಕೊಡಬೇಕಿತ್ತು. ಮೋಟೆಬೆನ್ನೂರು, ಕದರಮಂಡಲಗಿ, ಆ ಕಡೆ ಮೇಡ್ಲೇರಿಯವರೆಗೂ ಹೋದೆ. ಹೋದಲ್ಲೆಲ್ಲ ಬೈಯುತ್ತಿದ್ದೆ. ಮೇಡ್ಲೇರಿಯಲ್ಲಿ ಒಬ್ಬ ಮುದುಕರಿಗೆ, "ಸತ್ತವರ ನಂಬರಿಲೆ ಬಂದದ್ದನ್ನ ಹೆಂಗ ತಗದ್ರಿ? ಇಷ್ಟೂ ತಿಳೀಲಿಲ್ಲೇನ್ರಿ?" ಎಂದು ದಬಾಯಿಸಿದೆ.

ಅವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಹೇಳಿದರು: "ಸಾವ್ಕಾರ್ರು ತೀರಿಕೊಂಡಾರ ಅಂತ ಗೊತ್ತೈತ್ರಿ. ಮಣ್ಣಿಗೆ ಬಂದಿದ್ನಿ. ಆದ್ರ ಲಗ್ನಪತ್ರಿಕಿ ಮ್ಯಾಲ ಸತ್ತ ಹಿರೇರ ಹೆಸರಿರೂದಿಲ್ಲೇನ್ರಿ? ಮಗಳ ಮದವಿ, ಅಪ್ಪನ ನಂಬರಿಲೆ ಕರದಾರ ಅಂತ ತಿಳಕೊಂಡ್ನಿ. ಅಂಥಾದ್ದನ್ನ ತಗೀದ ಹೆಂಗ ಇರೂದ್ರಿ?"

ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಸತ್ತವರೂ ಕರೆಯುತ್ತಾರೆ. ಮೇಲಿನ ಮೂಲೆಯಲ್ಲಿ ಸಣ್ಣ ಫೋಟೋ, ಕೆಳಗೆ ದಿವಂಗತ ಎಂದು ಹೆಸರು, ಇವರ ಆಶೀರ್ವಾದದಿಂದ ಎಂಬ ಸಾಲು. ಆ ಮನೆಯಲ್ಲಿ ಮದುವೆ ಇದೆ ಎಂದು ಎಲ್ಲರಿಗೂ ಗೊತ್ತಿತ್ತು. ಕಳ್ಳರಿಗೆ ಇದಾವುದೂ ಗೊತ್ತಿರಲಿಲ್ಲ, ಅವರು ಎಲ್ಲರಿಗೂ ಕಳಿಸುವ ಅದೇ ಸಾಲನ್ನು ಕಳಿಸಿದ್ದರು. ಬಾಗಿಲು ತೆರೆದದ್ದು ನಮ್ಮ ಮರ್ಯಾದೆ. ಇಂಥ ಮೋಸಕ್ಕೆ ನನ್ನ ಪಾಠದಲ್ಲಿ ಉತ್ತರವಿರಲಿಲ್ಲ.

ಆ ಮುದುಕರ ಫೋನನ್ನು ಅಳಿಸುವ ಮುಂಚೆ ಕೇಳಿದೆ, "ಇದರಾಗ ನಮ್ಮಣ್ಣನ ದನಿ ಏನರ ಐತೇನ್ರಿ?"

ಇತ್ತು. ಪೇಟೆಯ ದಿನ ಕಳಿಸುತ್ತಿದ್ದ ದನಿ ಸಂದೇಶಗಳನ್ನು ಅವರು ಅಳಿಸಿರಲಿಲ್ಲ. ಹಚ್ಚಿದರು. ತುಂಗಭದ್ರೆಯ ದಂಡೆಯ ಆ ಹೊಲದಲ್ಲಿ, ಪಂಪಿನ ಸದ್ದಿನ ನಡುವೆ, ಅಣ್ಣ ನಮಸ್ಕಾರ್ರಿ ಎಲ್ಲಾರಿಗೂ ಎಂದ. ಹಸಿ ಇದ್ದದ್ದು ತರಬ್ಯಾಡ್ರಿ ಎಂದ. ಸೀನಿದ. ಮುದುಕರು ತಮಗೇ ತಿಳಿಯದಂತೆ "ಶತಾಯುಷ್ಯ" ಎಂದುಬಿಟ್ಟರು. ಆಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು. ಎರಡು ವರ್ಷ ಕೇಳಲಾರದೆ ತಪ್ಪಿಸಿಕೊಂಡ ದನಿಯನ್ನು ನಾನು ಅಲ್ಲಿ ನಿಂತು ಮೂರು ಸಲ ಕೇಳಿದೆ, ಕೇಳುತ್ತ ಅತ್ತುಬಿಟ್ಟೆ.

ಅಂದಿನಿಂದ ಯಾವ ಫೋನನ್ನೂ ಹಾಗೇ ಅಳಿಸಲಿಲ್ಲ. ಮೊದಲು ಅಣ್ಣನನ್ನು ಹುಡುಕುತ್ತಿದ್ದೆ. ಒಂದೊಂದು ಸಂದೇಶವನ್ನೂ ಪರೀಕ್ಷಿಸಿ, ಇಳಿಸಿಕೊಂಡು, ಮೂರು ಕಡೆ ಇಟ್ಟೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನನ್ನನ್ನೇ ಬೈದುಕೊಳ್ಳುತ್ತ ಹಾಕಿದೆ. ಸಿಕ್ಕಿದ್ದನ್ನೆಲ್ಲ ಒಂದು ಹೊಸ ಫೋನಿಗೆ ತುಂಬಿ ವೈನಿಯ ಮುಂದೆ ಇಟ್ಟೆ.

ವೈನಿ ಮೊದಲನೆಯದನ್ನು ಕೇಳಿದರು. ಎರಡನೆಯದನ್ನು ಕೇಳಿದರು. ಮೂರನೆಯದರ ನಡುವೆ ನಿಲ್ಲಿಸಿದರು.

"ಚೊಲೊ ಮಾಡಿದಿ ತಮ್ಮಾ," ಎಂದರು. "ಆದ್ರ ಇದು ಪ್ಯಾಟಿ ದನಿ. ಮನಿ ದನಿ ಬ್ಯಾರೆ ಇತ್ತು."

ಆ ಮಾತು ಹೇಳಿ ಒಳಗೆ ಹೋದರು. ನಾನು ಎದ್ದು ಬಂದೆ. ಅದೇ ವಾರ ಬ್ಯಾಂಕಿನವರು ಸಭೆ ಸೇರಿಸಿ, ಸಮಯಪ್ರಜ್ಞೆಯಿಂದ ರೈತರನ್ನು ಕಾಪಾಡಿದವನೆಂದು ನನಗೆ ಶಾಲು ಹೊದಿಸಿ ಏಲಕ್ಕಿ ಹಾರ ಹಾಕಿದರು. ಹಾರವನ್ನು ಬೈಕಿನ ಡಿಕ್ಕಿಯಲ್ಲಿ ಹಾಕಿಟ್ಟೆ. ಇವತ್ತಿಗೂ ಡಿಕ್ಕಿ ತೆರೆದರೆ ಏಲಕ್ಕಿ ವಾಸನೆ ಬರುತ್ತದೆ, ತೆರೆಯುವುದನ್ನೇ ಕಡಿಮೆ ಮಾಡಿದ್ದೇನೆ.

ನನ್ನ ಕೆಲಸದಲ್ಲಿ ಒಂದು ನಿಯಮವಿದೆ. ಕಳ್ಳ ಒಳಗೆ ಬಂದಿದ್ದ ಎಂದು ತಿಳಿದರೆ, ಅವನು ಏನು ಒಯ್ದ ಎಂದು ಹುಡುಕುತ್ತ ಕೂಡಬಾರದು. ಎಲ್ಲವನ್ನೂ ಒಯ್ದಿದ್ದಾನೆ ಎಂದೇ ಹಿಡಿದು ಮುಂದಿನದನ್ನು ಮಾಡಬೇಕು. ಒಂದು ದಿನ ಕಟ್ಟೆಯ ಮೇಲೆ ಇದನ್ನು ಹೇಳುತ್ತಿದ್ದವನು ಮಾತು ಅರ್ಧಕ್ಕೆ ನಿಲ್ಲಿಸಿದೆ. ಆ ಆಮಂತ್ರಣ ಅಣ್ಣನ ಫೋನಿನಲ್ಲಿ ಒಂದು ಹಗಲು ಒಂದು ರಾತ್ರಿ ಕೂತಿತ್ತು. ರೆಕಾರ್ಡ್ ಆದ ಕರೆಗಳನ್ನೂ ಅದು ಒಯ್ದಿರಬಹುದು. ಒಯ್ದಿದ್ದರೆ, ನಮ್ಮಣ್ಣ ತನ್ನ ಹೆಂಡತಿಗೆ ಆಡಿದ ಮಾತೆಲ್ಲ ಈಗ ಜಗತ್ತಿನಲ್ಲಿ ಇರುವುದು ಒಬ್ಬನ ಹತ್ತಿರ ಮಾತ್ರ. ಅವನ ಮುಖ ನಮಗೆ ಗೊತ್ತಿಲ್ಲ. ಅವನಿಗೆ ಕನ್ನಡ ತಿಳಿಯುತ್ತದೆಯೋ ಇಲ್ಲವೋ ಅದೂ ಗೊತ್ತಿಲ್ಲ.

ಅವತ್ತಿನಿಂದ ನನಗೊಂದು ರೋಗ ಹತ್ತಿದೆ. ಗುರುತಿಲ್ಲದ ನಂಬರು ಎತ್ತಬೇಡಿ ಎಂದು ಊರಿಗೆಲ್ಲ ಹೇಳುವವನು, ಪ್ರತಿಯೊಂದು ಗುರುತಿಲ್ಲದ ಕರೆಯನ್ನೂ ಎತ್ತುತ್ತೇನೆ. ಎತ್ತಿ ಸುಮ್ಮನಿರುತ್ತೇನೆ. ಆ ಕಡೆಯವರು ಸಾಲ ಬೇಕೇ ಎನ್ನುತ್ತಾರೆ, ಸೈಟು ಬೇಕೇ ಎನ್ನುತ್ತಾರೆ. ಇಡುತ್ತೇನೆ.

ಮದುವೆಗೆ ಹದಿನೈದು ದಿನವಿದ್ದಾಗ ಬ್ಯಾಡಗಿಗೆ ಹೋಗಿ, ವೈನಿಯನ್ನೂ ಮಗಳನ್ನೂ ಅಡುಗೆಮನೆಯಲ್ಲಿ ಕೂಡಿಸಿಕೊಂಡೆ. ಹೇಳಲೇಬೇಕಾದ ಮಾತಿತ್ತು. ಈಗ ಕಳ್ಳರು ಮನುಷ್ಯನ ದನಿಯ ಒಂದು ತುಣುಕು ಸಿಕ್ಕರೆ ಸಾಕು, ಅದೇ ದನಿಯಲ್ಲಿ ಬೇಕಾದ್ದನ್ನು ಮಾತಾಡಿಸುತ್ತಾರೆ. ಮಗಳ ದನಿಯಲ್ಲಿ ಅಳುತ್ತ ಫೋನ್ ಮಾಡಿ ದುಡ್ಡು ಕೇಳುತ್ತಾರೆ. ನನ್ನ ದನಿಯಲ್ಲಿ ಒಟಿಪಿ ಕೇಳುತ್ತಾರೆ. ನಮ್ಮ ಮನೆಯ ದನಿಗಳು ಅವರ ಹತ್ತಿರ ಇರಬಹುದು, ಅಣ್ಣನದೂ. ಅದಕ್ಕೆ ಮನೆಯವರಿಗಷ್ಟೇ ಗೊತ್ತಿರುವ ಒಂದು ಮಾತು ಇಟ್ಟುಕೊಳ್ಳೋಣ, ದನಿ ಎಷ್ಟೇ ಗುರುತಿನದಿರಲಿ, ಮೊದಲು ಆ ಮಾತು ಕೇಳಬೇಕು, ಹೇಳದಿದ್ದರೆ ಫೋನ್ ಇಟ್ಟುಬಿಡಬೇಕು ಎಂದೆ.

"ಬೆಕ್ಕಿನ ಹೆಸರು ಇಡೂಣು ಕಾಕಾ," ಎಂದಳು ಮಗಳು. ಒಳ್ಳೆಯ ಆಯ್ಕೆ. ಬೆಕ್ಕು ಹೋದ ವರ್ಷ ತಾನಾಗಿ ಬಂದದ್ದು, ಅದರ ಹೆಸರು ಯಾವ ಫೋನಿನಲ್ಲೂ ಇಲ್ಲ, ಯಾವ ಕಳ್ಳನಿಗೂ ಗೊತ್ತಿಲ್ಲ.

ವೈನಿ ಹಿಟ್ಟು ನಾದುತ್ತಿದ್ದವರು ಕೈ ನಿಲ್ಲಿಸಿದರು. "ಬ್ಯಾಡ. ಅದು ಅವರಿಗೆ ಗೊತ್ತಿಲ್ಲ."

"ಯಾರಿಗ್ರಿ ವೈನಿ?"

ಅವರು ನನ್ನನ್ನು ನೋಡಲಿಲ್ಲ. "ಅವರ ದನಿಲೇನೂ ಫೋನ್ ಬರಬಹುದು ಅಂತ ನೀನ ಹೇಳಿದೆಲ್ಲ. ಬಂತು ಅಂತ ತಿಳಿ. ನಾ ಬೆಕ್ಕಿನ ಹೆಸರ ಕೇಳ್ತೀನಿ. ಅವರಿಗೆ ಹೇಳಾಕ ಬರೂದಿಲ್ಲ. ಆಮ್ಯಾಲ ನಾ ಫೋನ್ ಇಟ್ಟ ಬಿಡಬೇಕೇನು?"

ಅದು ಅಣ್ಣನಲ್ಲ ವೈನಿ, ಎಂದು ಹೇಳಬೇಕಿತ್ತು. ನನ್ನ ಸಂಬಳವೇ ಆ ಮಾತು ಹೇಳುವುದಕ್ಕೆ. ಮಗಳು ಗೋಡೆಯ ಕಡೆ ತಿರುಗಿದಳು.

"ಅವರಿಗೂ ಗೊತ್ತಿರೋ ಮಾತು ಇಡೂಣು," ಎಂದರು ವೈನಿ. "ಉಂಡಿ ಅಂತ ಕೇಳಿದ ಮ್ಯಾಲ ಅವರು ಅಂತಿದ್ರಲ್ಲ. ನೀ ಉಣ್ಣು, ನನ್ನ ಹಾದಿ ನೋಡಬ್ಯಾಡ. ಅದ ಇರ್ಲಿ."

ಪ್ರತಿ ಕರೆಯಲ್ಲೂ ಇದ್ದ ಮಾತು ಅದು. ಕಳ್ಳರು ಆ ಫೋನಿನಿಂದ ಬೇರೇನೂ ಒಯ್ಯದಿದ್ದರೂ ಅದನ್ನು ಒಯ್ದಿರುತ್ತಾರೆ. ಬೀಗ ಮಾಡಿಸಿ ಕೀಲಿಯನ್ನು ಕಳ್ಳನ ಮನೆಗೇ ಕೊಟ್ಟು ಬಂದ ಹಾಗೆ. ಇಷ್ಟು ವರ್ಷದ ನನ್ನ ಕೆಲಸದಲ್ಲಿ ಇದಕ್ಕಿಂತ ಕೆಟ್ಟ ಗುಪ್ತಪದವನ್ನು ನಾನು ಕಂಡಿಲ್ಲ.

"ಆತು ವೈನಿ," ಎಂದೆ. "ಅದ ಇರ್ಲಿ."

ಮದುವೆಯಾಯಿತು. ಮಗಳು ರಾಣೆಬೆನ್ನೂರಿನಿಂದ ದಿನಾ ಬ್ಯಾಡಗಿಯ ಅಂಗಡಿಗೆ ಬಂದು ಹೋಗುತ್ತಾಳೆ. ನಾನು ಎಲ್ಲೇ ಇರಲಿ, ಮಧ್ಯಾಹ್ನ ಒಂದು ಗಂಟೆಗೆ ವೈನಿಗೆ ಫೋನ್ ಮಾಡುತ್ತೇನೆ. ಅವರು ಎತ್ತುತ್ತಾರೆ, ಮಾತಾಡುವುದಿಲ್ಲ. ನಾನೇ ಕಲಿಸಿದ್ದು ಅದು, ಮೊದಲು ಆ ಗುಟ್ಟಿನ ಮಾತು ಕೇಳಿಸಿಕೊಳ್ಳಬೇಕು. ಅಣ್ಣತಮ್ಮಂದಿರ ದನಿ ಫೋನಿನಲ್ಲಿ ಒಂದೇ ಥರ ಇದೆ ಎಂದು ಮುಂಚಿನಿಂದಲೂ ಎಲ್ಲರೂ ಹೇಳುತ್ತಿದ್ದರು.

"ಊಟಾ ಮಾಡ್ರಿ," ಎನ್ನುತ್ತೇನೆ. "ನನ್ನ ಹಾದಿ ನೋಡಬ್ಯಾಡ್ರಿ."

ಆ ಕಡೆ ಒಂದು ಗಳಿಗೆ ಉಸಿರೂ ಕೇಳಿಸುವುದಿಲ್ಲ. ಆಮೇಲೆ ವೈನಿ, "ನೀನಾ?" ಎನ್ನುತ್ತಾರೆ.

"ಹೂಂ ವೈನಿ, ನಾನ," ಎನ್ನುತ್ತೇನೆ. ಗಂಗಾಳ ಇಟ್ಟ ಸದ್ದು ಕೇಳಿದ ಮೇಲೆ ಫೋನ್ ಇಡುತ್ತೇನೆ.